ಓದೂ ಓಟವೂ ಕೂಡಿದ ಊರು

ತುಮಕೂರು ಜಿಲ್ಲೆಯ ವಿಸ್ತೀರ್ಣ 10,597 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 26 ಲಕ್ಷ 79 ಸಾವಿರ. ಕೆರಿಬಿಯನ್ ಸಮುದ್ರದ ಜಮೈಕಾ ದ್ವೀಪದ ವಿಸ್ತೀರ್ಣ 10,991 ಚದರ ಕಿಲೋಮೀಟರ್. ಅದೇ 2011ರಲ್ಲಿ ಅಲ್ಲಿ ನಡೆದ ಜನಗಣತಿಯ ಲೆಕ್ಕ 26 ಲಕ್ಷ 98 ಸಾವಿರ. ಅಂದರೆ ಪಾವಗಡದಿಂದ ಕುಣಿಗಲ್‌ವರೆಗೆ, ತಿಪಟೂರಿನಿಂದ ಕೊರಟಗೆರೆಯವರೆಗೆ ಹರಡಿರುವ ನಮ್ಮ ಜಿಲ್ಲೆಯನ್ನು ಎತ್ತಿ ಸಮುದ್ರದ ನಡುವೆ ಇಟ್ಟರೆ ಹೆಚ್ಚು ಕಡಿಮೆ ಒಂದು ಜಮೈಕಾ ಆಗುತ್ತದೆ.

ಅಷ್ಟೇ ಗಾತ್ರದ ಆ ದ್ವೀಪದ ಓಟಗಾರರು ಮಾಡಿರುವುದನ್ನು ನೋಡಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 100 ಮೀಟರ್ ಓಟದ ಮೂರೂ ಪದಕ ಜಮೈಕಾದ ಹುಡುಗಿಯರಿಗೆ. 2012ರಲ್ಲಿ ಲಂಡನ್‌ನಲ್ಲಿ ಪುರುಷರ 200 ಮೀಟರ್ ಓಟದ ಮೂರೂ ಪದಕ ಜಮೈಕಾದ ಹುಡುಗರಿಗೆ. 2021ರಲ್ಲಿ ಟೋಕಿಯೊದಲ್ಲಿ ಮಹಿಳೆಯರ 100 ಮೀಟರ್, ಮತ್ತೆ ಮೂರಕ್ಕೆ ಮೂರು. ಉಸೇನ್ ಬೋಲ್ಟ್ 2009ರ ಆಗಸ್ಟ್ 16ರಂದು ಬರ್ಲಿನ್‌ನಲ್ಲಿ 9.58 ಸೆಕೆಂಡಿನಲ್ಲಿ 100 ಮೀಟರ್ ಓಡಿದ್ದು ಶಾಲಾ ಮಕ್ಕಳಿಗೂ ಬಾಯಿಪಾಠ. ಬೋಲ್ಟ್ ನಿವೃತ್ತನಾದ ಮೇಲೂ ಅಲ್ಲಿ ಓಟ ನಿಂತಿಲ್ಲ. 2025ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪುರುಷರ 100 ಮೀಟರ್ ಓಟದ ಚಿನ್ನವೂ ಬೆಳ್ಳಿಯೂ ಆ ದ್ವೀಪಕ್ಕೇ ಹೋದವು.

ನಮ್ಮ ಮಕ್ಕಳಿಗೇನು ಕಾಲಿಲ್ಲವೇ? ಬೆಂಗಳೂರಿನಿಂದ ತುಮಕೂರಿಗೆ ಬರುವ ಹೆದ್ದಾರಿಯಲ್ಲಿ, ನಗರಕ್ಕೆ ಸ್ವಲ್ಪ ಮೊದಲು ಸಿಗುವ ಹಿರೇಹಳ್ಳಿಯಲ್ಲಿ ನಿಂತು ಕೇಳಿಕೊಳ್ಳಬಹುದಾದ ಪ್ರಶ್ನೆ ಇದು. ಒಂದು ಕಡೆ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು, ಇನ್ನೊಂದು ಕಡೆ ರೈಲು ದಾರಿ, ದೂರದಲ್ಲಿ ದೇವರಾಯನದುರ್ಗದ ಬೆಟ್ಟ. ಸುತ್ತಲಿನ ಹಳ್ಳಿಗಳ ಮಕ್ಕಳು ಪ್ರತಿ ವರ್ಷ ಹೋಬಳಿ ಕ್ರೀಡಾಕೂಟದಲ್ಲಿ ಓಡುತ್ತಾರೆ. ಸುಣ್ಣದ ಗೆರೆ ಎಳೆದ ಮಣ್ಣಿನ ಬಯಲಿನಲ್ಲಿ, ಬರಿಗಾಲಿನಲ್ಲಿ, ಸಮವಸ್ತ್ರದ ಲಂಗವನ್ನು ಎತ್ತಿ ಕಟ್ಟಿಕೊಂಡು ಓಡಿ ಗೆದ್ದ ಎಂಟನೇ ಇಯತ್ತೆಯ ಹುಡುಗಿಯರನ್ನು ನೋಡದ ಮೇಷ್ಟ್ರು ಯಾರಿದ್ದಾರೆ? ಹೋಬಳಿಯಿಂದ ತಾಲ್ಲೂಕು, ತಾಲ್ಲೂಕಿನಿಂದ ಜಿಲ್ಲೆ. ಹತ್ತನೆಯ ತರಗತಿ ಬಂತೆಂದರೆ ಓಟಕ್ಕೆ ತೆರೆ. ‘ಓಡಿದ್ರೆ ಏನ್ ಸಾರ್ ಬರುತ್ತೆ? ಮಾರ್ಕ್ಸ್ ಬರುತ್ತಾ, ಕೆಲ್ಸ ಸಿಗುತ್ತಾ?’ ಎಂದು ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಕೊಡುವ ವ್ಯವಸ್ಥೆ ಹತ್ತಿರದಲ್ಲಿ ಕಾಣದಿದ್ದರೆ ಮಗುವಿನ ಕಾಲು ನಿಲ್ಲುತ್ತದೆ.

ಹಿರೇಹಳ್ಳಿಯಲ್ಲೇ ಇದಕ್ಕೊಂದು ಪಾಠವಿದೆ. ಇಲ್ಲಿನ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಈಗ ‘ಸಿದ್ದು’ ಹಲಸಿನಿಂದ ಹೆಸರಾಗಿದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ಜಮೀನಿನಲ್ಲಿ ಕೆಂಪು ತೊಳೆಯ, ಪುಟ್ಟ ಹಣ್ಣಿನ ಒಂದು ಮರ ಎಷ್ಟೋ ವರ್ಷಗಳಿಂದ ಇತ್ತು. ವಿಜ್ಞಾನಿಗಳು ಅದನ್ನು ಗುರುತಿಸಿದರು, ಹಣ್ಣನ್ನು ಪರೀಕ್ಷಿಸಿದರು, ಕಸಿ ಕಟ್ಟಿದರು. 2017ರಲ್ಲಿ ಆ ರೈತರೊಡನೆ ಒಪ್ಪಂದ ಮಾಡಿಕೊಂಡು ಸಸಿಗಳನ್ನು ಹಂಚುವ ದಾರಿ ಮಾಡಿದರು. ಮರ ಮೊದಲಿನಿಂದಲೂ ಒಳ್ಳೆಯದೇ. ಅದು ನಾಡಿಗೆ ದಕ್ಕಿದ್ದು ಗುರುತಿಸುವ ಕಣ್ಣು, ಸಾಕುವ ನರ್ಸರಿ ಎರಡೂ ಸಿಕ್ಕಿದ ಮೇಲೆ. ಓಡುವ ಮಕ್ಕಳಿಗೂ ಅಂಥ ನರ್ಸರಿ ಬೇಕು. ಜಮೈಕಾದಲ್ಲಿ ಅದು ಇದೆ. ಕರ್ನಾಟಕದಲ್ಲಿ ಅದರ ಹೋಲಿಕೆ ನೋಡಬೇಕೆಂದರೆ ಹೋಗಬೇಕಾದ ಊರು ಮೂಡುಬಿದಿರೆ.

ಘಟ್ಟ ಇಳಿದು

ತುಮಕೂರು ಮತ್ತು ಮಂಗಳೂರನ್ನು ಸೇರಿಸುವ 73ನೇ ರಾಷ್ಟ್ರೀಯ ಹೆದ್ದಾರಿ ಹಿಡಿದರೆ ದಾರಿ ತಪ್ಪುವ ಭಯವಿಲ್ಲ. ಗುಬ್ಬಿ, ತಿಪಟೂರು, ಅರಸೀಕೆರೆಯವರೆಗೆ ತೆಂಗಿನ ತೋಟಗಳ ಸಾಲು. ಬಾಣಾವರ, ಜಾವಗಲ್ ದಾಟಿದರೆ ಹಳೇಬೀಡು, ಬೇಲೂರು. ಮೂಡಿಗೆರೆಯಿಂದ ಕಾಫಿ ತೋಟದ ನೆರಳು. ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ ತಿಂದು ಹೊರಟರೆ ಚಾರ್ಮಾಡಿ ಘಟ್ಟದ ತಿರುವುಗಳು ಹೊಟ್ಟೆ ತೊಳಸುವಂತೆ ಮಾಡುತ್ತವೆ. ಉಜಿರೆ, ಬೆಳ್ತಂಗಡಿ ಕಳೆದು ಗುರುವಾಯನಕೆರೆಯಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದರೆ ವೇಣೂರು. 1604ರಲ್ಲಿ ನಿಲ್ಲಿಸಿದ 35 ಅಡಿಯ ಬಾಹುಬಲಿ ಅಲ್ಲಿದ್ದಾನೆ. ಅಲ್ಲಿಂದ ಮುಂದೆ ಮೂಡುಬಿದಿರೆ.

ಜೈನ ಕಾಶಿ ಎಂದು ಹೆಸರಾದ ಊರು ಇದು. ಹದಿನೆಂಟು ಬಸದಿಗಳಿವೆ. ಅವುಗಳಲ್ಲಿ ದೊಡ್ಡದು 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ. ಕವಿ ರತ್ನಾಕರವರ್ಣಿಯ ಊರೂ ಇದೇ. ತಾಳೆಗರಿಯಲ್ಲಿ ಬರೆದ ಧವಲಾ ಗ್ರಂಥಗಳನ್ನು ಶತಮಾನಗಳ ಕಾಲ ಜೋಪಾನ ಮಾಡಿದ ಕೀರ್ತಿ ಇಲ್ಲಿನ ಮಠಕ್ಕೆ ಸಲ್ಲುತ್ತದೆ. ಓದು ಈ ಊರಿಗೆ ಹೊಸದಲ್ಲ.

ಇತ್ತೀಚಿನ ದಶಕಗಳಲ್ಲಿ ಊರಿಗೆ ಇನ್ನೊಂದು ಹೆಸರು ಬಂದಿರುವುದು ಸ್ವರಾಜ್ಯ ಮೈದಾನದಿಂದ. ಇಲ್ಲಿ 400 ಮೀಟರ್ ಸುತ್ತಿನ ಸಿಂಥೆಟಿಕ್ ಟ್ರ್ಯಾಕ್ ಇದೆ. ಜಿಲ್ಲಾ ಕೇಂದ್ರವೂ ಅಲ್ಲದ ಸಣ್ಣ ಪಟ್ಟಣದಲ್ಲಿ ಇಂಥ ಟ್ರ್ಯಾಕ್ ಇರುವುದೇ ಒಂದು ವಿಶೇಷ. ಇದರ ಹಿಂದೆ ಇರುವ ಮುಖ್ಯ ಶಕ್ತಿ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ. ಆಯುರ್ವೇದ ವೈದ್ಯರಾದ ಡಾ. ಎಂ. ಮೋಹನ ಆಳ್ವರು 1995ರಲ್ಲಿ ಕಟ್ಟಿದ ಈ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಳ್ಳುವ ಪದ್ಧತಿ ಇಟ್ಟುಕೊಂಡಿದೆ. ಆಯ್ಕೆಯಾದ ಹುಡುಗ ಹುಡುಗಿಯರಿಗೆ ಓದು, ಊಟ, ವಸತಿ, ತರಬೇತಿ ಎಲ್ಲವೂ ಉಚಿತ. ಹೀಗೆ ಬಂದವರು ಮಂಗಳೂರು ವಿಶ್ವವಿದ್ಯಾಲಯದ ಬನಿಯನ್ ತೊಟ್ಟು ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮತ್ತೆ ಮತ್ತೆ ಸಮಗ್ರ ಪ್ರಶಸ್ತಿ ತಂದಿದ್ದಾರೆ. 2020ರ ಜನವರಿಯಲ್ಲಿ ಆ ಕೂಟ ಇದೇ ಸ್ವರಾಜ್ಯ ಮೈದಾನದಲ್ಲಿ ನಡೆದಾಗಲೂ ಪ್ರಶಸ್ತಿ ಮಂಗಳೂರು ವಿಶ್ವವಿದ್ಯಾಲಯದ್ದೇ.

ತಮಿಳುನಾಡಿನ ಧರುಣ್ ಅಯ್ಯಸಾಮಿ ಇಲ್ಲಿ ಓದಿದ ಹುಡುಗ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಆತನನ್ನು ಶಾಲಾ ಶಿಕ್ಷಕಿಯಾದ ತಾಯಿ ಸಾಕಿದರು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಅನ್ನು 48.96 ಸೆಕೆಂಡಿನಲ್ಲಿ ಮುಗಿಸಿ ಬೆಳ್ಳಿ ಗೆದ್ದ. 49 ಸೆಕೆಂಡಿನ ಒಳಗೆ ಆ ಓಟ ಮುಗಿಸಿದ ಮೊದಲ ಭಾರತೀಯ ಆತ.

ಕೆಸರಿನ ಓಟದ ತ್ರೈರಾಶಿ

ಮೂಡುಬಿದಿರೆಗೆ ಬಂದು ಕಂಬಳದ ಮಾತು ಎತ್ತದೆ ಹೋಗುವಂತಿಲ್ಲ. ಊರಿನ ಕಡಲಕೆರೆಯಲ್ಲಿ ಕೋಟಿ ಚೆನ್ನಯ ಜೋಡುಕರೆ ಕಂಬಳ ನಡೆಯುತ್ತದೆ. ಹತ್ತಿರದ ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರ ಫೆಬ್ರುವರಿ 1ರಂದು ಐಕಳದ ಕಂಬಳದಲ್ಲಿ ಕೋಣಗಳ ಹಿಂದೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ತ್ರೈರಾಶಿ ಹಾಕಿದರು: 142.5 ಮೀಟರಿಗೆ 13.62 ಆದರೆ 100 ಮೀಟರಿಗೆ ಎಷ್ಟು? ಉತ್ತರ 9.55. ಬೋಲ್ಟ್‌ಗಿಂತ ವೇಗ! ದೇಶವೆಲ್ಲ ಸುದ್ದಿಯಾಯಿತು. ಆಗಿನ ಕೇಂದ್ರ ಕ್ರೀಡಾ ಸಚಿವರೇ ಟ್ರ್ಯಾಕಿನಲ್ಲಿ ಪರೀಕ್ಷೆಗೆ ಕರೆಸಿದರು. ಗೌಡರು ಕೆಸರಿನ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂಬುದನ್ನು ಅರಿತವರು. ಪರೀಕ್ಷೆಗೆ ಒಪ್ಪಲಿಲ್ಲ.

ಲೆಕ್ಕ ಸರಿಯಿದೆ; ಹೋಲಿಕೆ ಸರಿಯಿಲ್ಲ. ಒಂಬತ್ತನೆಯ ತರಗತಿಯ ಬಲ ಮತ್ತು ಚಲನೆಯ ಪಾಠ ಓದಿದ ಮಕ್ಕಳೇ ಇದನ್ನು ಬಿಡಿಸಬಹುದು. ಬೋಲ್ಟ್‌ನ ಮೇಲೆ ಮುಂದಕ್ಕೆ ಬೀಳುವ ಬಲ ಬಂದದ್ದು ಆತನ ಕಾಲು ನೆಲವನ್ನು ಹಿಂದಕ್ಕೆ ಒದ್ದಾಗ ನೆಲ ಕೊಟ್ಟ ಪ್ರತಿಕ್ರಿಯೆಯಿಂದ ಮಾತ್ರ. ಕಂಬಳದ ಓಟಗಾರನಿಗೆ ಇನ್ನೊಂದು ಬಲವೂ ಸೇರುತ್ತದೆ: ನೂರಾರು ಕಿಲೋ ತೂಕದ ಎರಡು ಕೋಣಗಳ ಎಳೆತ. ಹಾಗೆಂದು ಅವರ ಸಾಧನೆ ಚಿಕ್ಕದಲ್ಲ. ಆ ವೇಗದಲ್ಲಿ, ಆ ಕೆಸರಿನಲ್ಲಿ ಬೀಳದೆ ಕಾಲು ಹಾಕುವುದಕ್ಕೆ ಬೇಕಾದ ಸ್ನಾಯುಬಲ, ಸಮತೋಲ ಎಲ್ಲರಿಗೂ ಬರುವಂಥದಲ್ಲ. ಅವರಿಗಾಗ 28 ವರ್ಷ. ವೇಗದ ಓಟಕ್ಕೆ ಮೈಯನ್ನು ಹದಗೊಳಿಸಬೇಕಾದದ್ದು ಹದಿಮೂರು ಹದಿನಾಲ್ಕನೆಯ ವಯಸ್ಸಿನಿಂದ. ನಾವು ಕೇಳಬೇಕಾದ ಪ್ರಶ್ನೆ ಇಷ್ಟೇ: ಇಂಥ ಕಾಲಿನ ಹುಡುಗರು ಶಾಲೆಯಲ್ಲಿದ್ದಾಗ ಯಾರ ಕಣ್ಣಿಗಾದರೂ ಬೀಳುತ್ತಾರೆಯೇ?

ದ್ವೀಪದ ಏಣಿ

ಜಮೈಕಾದಲ್ಲಿ ಬೀಳುತ್ತಾರೆ. ಅಲ್ಲಿ ಪ್ರೌಢಶಾಲೆಗಳ ನಡುವಿನ ಅಥ್ಲೆಟಿಕ್ ಕೂಟ ಶುರುವಾದದ್ದು 1910ರಲ್ಲಿ. ಮೊದಲ ಕೂಟ ನಡೆದ ಜಾಗ ನಮ್ಮ ಕ್ರಿಕೆಟ್ ಪ್ರಿಯರಿಗೆಲ್ಲ ಗೊತ್ತಿರುವ ಸಬೀನಾ ಪಾರ್ಕ್. ‘ಚಾಂಪ್ಸ್’ ಎಂದು ಕರೆಯುವ ಈ ಕೂಟಕ್ಕೆ ಈಗ ಕಿಂಗ್‌ಸ್ಟನ್‌ನ ರಾಷ್ಟ್ರೀಯ ಕ್ರೀಡಾಂಗಣ ತುಂಬಿ ತುಳುಕುತ್ತದೆ. ಶಾಲಾ ಮಕ್ಕಳ ಓಟಕ್ಕೆ ಊರೇ ನೆರೆಯುತ್ತದೆ! ಇದು ಏಣಿಯ ಮೊದಲ ಮೆಟ್ಟಿಲು.

ಎರಡನೆಯದು ಓಟ ಕಲಿಸುವವರ ಕಾಲೇಜು. ಜಿ.ಸಿ. ಫಾಸ್ಟರ್ ಎಂಬ ಓಟಗಾರ 1908ರ ಒಲಿಂಪಿಕ್ಸ್‌ಗಾಗಿ ಬಾಳೆಹಣ್ಣು ಸಾಗಿಸುವ ಹಡಗು ಹತ್ತಿ ಲಂಡನ್ನಿಗೆ ಹೋಗಿದ್ದ. ಜಮೈಕಾ ಆಗ ಒಲಿಂಪಿಕ್ ಕೂಟದ ಸದಸ್ಯನಾಗಿರಲಿಲ್ಲವಾದ್ದರಿಂದ ಓಡಲು ಬಿಡಲಿಲ್ಲ. ಆತನ ಹೆಸರಿನ ದೈಹಿಕ ಶಿಕ್ಷಣ ಕಾಲೇಜು 1980ರಲ್ಲಿ ತೆರೆಯಿತು; ಕಟ್ಟಿಕೊಟ್ಟದ್ದು ನೆರೆಯ ಕ್ಯೂಬಾ. ಅಲ್ಲಿ ತರಬೇತಾದವರು ದ್ವೀಪದ ಶಾಲೆ ಶಾಲೆಗೂ ಹೋದರು.

ಮೂರನೆಯ ಮೆಟ್ಟಿಲು ವಿಶ್ವವಿದ್ಯಾಲಯ. ಬಹು ಕಾಲ ಜಮೈಕಾದ ಒಳ್ಳೆಯ ಓಟಗಾರರು ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋಗುತ್ತಿದ್ದರು. ಡಾನ್ ಕ್ವಾರಿ, ಮರ್ಲಿನ್ ಓಟ್ಟಿ ಮೊದಲಾದವರು ಬೆಳೆದದ್ದು ಹಾಗೆ. ಹೋಗಲಾಗದವರ ಓಟ ಶಾಲೆಯೊಂದಿಗೇ ಮುಗಿಯುತ್ತಿತ್ತು. ಅಮೆರಿಕದಲ್ಲಿ ಓದಿ ಬಂದ ಡೆನ್ನಿಸ್ ಜಾನ್ಸನ್ ಎಂಬ ಓಟಗಾರ ಕಿಂಗ್‌ಸ್ಟನ್‌ನ ತಾಂತ್ರಿಕ ಕಾಲೇಜಿನಲ್ಲಿ, ಓದುತ್ತಲೇ ಓಡುವ ವ್ಯವಸ್ಥೆಗೆ ಬುನಾದಿ ಹಾಕಿದರು. 1995ರಲ್ಲಿ ಆ ಕಾಲೇಜು ತಾಂತ್ರಿಕ ವಿಶ್ವವಿದ್ಯಾಲಯವಾಯಿತು. 1999ರಲ್ಲಿ ಸ್ಟೀಫನ್ ಫ್ರಾನ್ಸಿಸ್ ಮತ್ತು ಗೆಳೆಯರು ಎಂ.ವಿ.ಪಿ. ಎಂಬ ಕ್ಲಬ್ ಕಟ್ಟಿ ಅಲ್ಲೇ ತರಬೇತಿ ಆರಂಭಿಸಿದರು. ಓಡಲು ಇದ್ದದ್ದು ಹುಲ್ಲಿನ ಬಯಲು. ಶಾಲಾ ಕೂಟದಲ್ಲಿ ಗೆಲ್ಲದೆ ಹೋದ ಅಸಾಫಾ ಪೊವೆಲ್‌ನನ್ನು ಫ್ರಾನ್ಸಿಸ್ ಆರಿಸಿಕೊಂಡರು. 2005ರಲ್ಲಿ ಅದೇ ಹುಡುಗ 9.77 ಸೆಕೆಂಡಿನಲ್ಲಿ ಓಡಿ ವಿಶ್ವ ದಾಖಲೆ ಬರೆದ.

ಕಿಂಗ್‌ಸ್ಟನ್‌ನ ಬಡ ಬಡಾವಣೆಯಲ್ಲಿ ಬೆಳೆದ ಶೆಲ್ಲಿ ಆ್ಯನ್ ಫ್ರೇಸರ್ ಪ್ರೈಸ್ ಕಥೆ ತಾಯಂದಿರು ಕೇಳಬೇಕಾದದ್ದು. ಆಕೆಯ ತಾಯಿ ಬೀದಿ ಬದಿಯಲ್ಲಿ ವ್ಯಾಪಾರ ಮಾಡಿ ಸಂಸಾರ ಸಾಕಿದವರು. ಮಗಳು 2008ರಲ್ಲಿ ಒಲಿಂಪಿಕ್ ಚಿನ್ನ ಗೆದ್ದಳು, 2012ರಲ್ಲಿ ಮತ್ತೆ ಗೆದ್ದಳು. ಅದೇ 2012ರಲ್ಲಿ ಅದೇ ತಾಂತ್ರಿಕ ವಿಶ್ವವಿದ್ಯಾಲಯದಿಂದ ಮಕ್ಕಳ ಬೆಳವಣಿಗೆಯ ವಿಷಯದಲ್ಲಿ ಬಿ.ಎಸ್ಸಿ. ಪದವಿಯನ್ನೂ ಪಡೆದಳು. ಚಿನ್ನ, ಪದವಿ ಎರಡಕ್ಕೂ ಆಕೆ ದ್ವೀಪ ಬಿಟ್ಟು ಹೋಗಬೇಕಾಗಲಿಲ್ಲ.

ರಕ್ತವೋ ವ್ಯವಸ್ಥೆಯೋ?

‘ಅವರ ರಕ್ತವೇ ಬೇರೆ ಸಾರ್’ ಎನ್ನುವವರು ಉಂಟು. ವೇಗದ ಸ್ನಾಯುವಿಗೆ ಸಂಬಂಧಿಸಿದ ಒಂದು ಜೀನ್ ಜಮೈಕಾದ ಬಹುತೇಕ ಜನರಲ್ಲಿದೆ ಎಂಬುದು ನಿಜ. ಅದೇ ಜೀನ್ ಕೆನ್ಯಾದ ಬಹುತೇಕ ಜನರಲ್ಲೂ ಇದೆ. ಆದರೆ ಕೆನ್ಯಾದವರು ಹೆಸರಾಗಿರುವುದು ದೂರದ ಓಟದಲ್ಲಿ. ಒಂದೇ ಜೀನ್ ಎಲ್ಲವನ್ನೂ ವಿವರಿಸಲಾರದು.

ಈ ರಕ್ತದ ವಾದವನ್ನು ನಮ್ಮ ರಾಜ್ಯದಲ್ಲೇ ಒಮ್ಮೆ ನೆಚ್ಚಿಕೊಳ್ಳಲಾಗಿತ್ತು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನ ಶತಮಾನಗಳಿಂದ ನೆಲೆಸಿದ್ದಾರೆ. ಭಾರತ ಕ್ರೀಡಾ ಪ್ರಾಧಿಕಾರ 1987ರಲ್ಲಿ ವಿಶೇಷ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಕಮಲಾ ಸಿದ್ದಿಯಂಥವರು ರಾಷ್ಟ್ರಮಟ್ಟದಲ್ಲಿ ಮಿಂಚಿದರು. 1993ರಲ್ಲಿ ಯೋಜನೆ ನಿಂತಿತು. ಹಲವರು ಊರಿಗೆ ಮರಳಿ ಕೂಲಿ, ಗದ್ದೆ ಕೆಲಸ ಹಿಡಿದರು. ರಕ್ತ ಅದೇ ಇತ್ತು. ಏಣಿ ಮಾತ್ರ ಮಧ್ಯದಲ್ಲಿ ಮುರಿದಿತ್ತು. ಪ್ರತಿಭೆ ಹುಡುಕುವುದು ಆರು ವರ್ಷದ ಕೆಲಸವಲ್ಲ. ಜಮೈಕಾದ ಚಾಂಪ್ಸ್ ನೂರು ವರ್ಷ ದಾಟಿದೆ.

ಮೂಡುಬಿದಿರೆಯ ಬೆಲೆ ತಿಳಿಯುವುದು ಇಲ್ಲಿಯೇ. ಪ್ರೌಢಶಾಲೆಯಲ್ಲಿ ಗುರುತಿಸಲ್ಪಟ್ಟ ಹುಡುಗಿ ಅಲ್ಲಿಯೇ ಪಿಯುಸಿ ಓದಬಹುದು, ಪದವಿ ಮುಗಿಸಬಹುದು, ಸ್ನಾತಕೋತ್ತರ ಪದವಿಯವರೆಗೂ ಹೋಗಬಹುದು. ಹದಿನೈದರಿಂದ ಇಪ್ಪತ್ತಮೂರರವರೆಗಿನ ಓಟದ ಮುಖ್ಯ ವರ್ಷಗಳಲ್ಲಿ ಮೆಟ್ಟಿಲು ಎಲ್ಲೂ ತಪ್ಪುವುದಿಲ್ಲ. ಆದರೆ ಅದು ಒಂದು ಖಾಸಗಿ ಸಂಸ್ಥೆ, ಒಂದು ಊರು. ಆಯ್ಕೆಯಾದ ಕೆಲವರಿಗೆ ಮಾತ್ರ ಅಲ್ಲಿ ಜಾಗ. ತುಮಕೂರಿನಲ್ಲಿ 2004ರಿಂದ ವಿಶ್ವವಿದ್ಯಾಲಯವಿದೆ, ನಗರದ ನಡುವೆ ಮಹಾತ್ಮ ಗಾಂಧಿ ಕ್ರೀಡಾಂಗಣವಿದೆ, ಹಳ್ಳಿಗಳಲ್ಲಿ ಓಡುವ ಮಕ್ಕಳಿದ್ದಾರೆ. ಹೋಬಳಿ ಕೂಟದಲ್ಲಿ ಗೆದ್ದ ಮಗುವನ್ನು ಕೈಹಿಡಿದು ಪದವಿಯವರೆಗೆ ಕರೆದೊಯ್ಯುವ ಕೊಂಡಿಯನ್ನು ಪ್ರತಿ ಜಿಲ್ಲೆಯೂ ತಾನೇ ಬೆಸೆಯಬೇಕಾಗಿದೆ.

ತಂದೆತಾಯಿಗಳಿಗೆ ಎರಡು ಮಾತು

ಓಡುವ ಮಕ್ಕಳೆಲ್ಲ ಒಲಿಂಪಿಕ್ಸ್‌ಗೆ ಹೋಗುವುದಿಲ್ಲ. ಕರ್ನಾಟಕ ಮೂಲದ ಎಚ್.ಎಚ್. ಮಣಿಕಂಠ 2023ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ 10.23 ಸೆಕೆಂಡಿನಲ್ಲಿ 100 ಮೀಟರ್ ಓಡಿ ರಾಷ್ಟ್ರೀಯ ದಾಖಲೆ ಮಾಡಿದಾಗ ಸೇನಾಪಡೆಗಳ ಸರ್ವಿಸಸ್ ತಂಡದಲ್ಲಿದ್ದರು. 2025ರ ಹೊತ್ತಿಗೆ ಅನಿಮೇಶ್ ಕುಜೂರ್ ಅದನ್ನು 10.18ಕ್ಕೆ ಇಳಿಸಿದರು. ಜಗತ್ತಿನ ಮುಂಚೂಣಿಗೆ ನಮ್ಮವರಿಗೆ ಇನ್ನೂ ದೂರವಿದೆ. ಆದರೆ ಸೇನೆ, ರೈಲ್ವೆ, ಪೊಲೀಸ್ ಇಲಾಖೆಗಳಲ್ಲಿ ಕ್ರೀಡಾಪಟುಗಳಿಗೆ ನೇಮಕಾತಿ ಉಂಟು. ವೃತ್ತಿ ಶಿಕ್ಷಣದ ಸೀಟುಗಳಲ್ಲೂ ಕ್ರೀಡಾ ಕೋಟಾ ಇದೆ. ಹೋಬಳಿ, ತಾಲ್ಲೂಕು ಕೂಟಗಳ ಪ್ರಮಾಣಪತ್ರಗಳನ್ನು ಗೆದ್ದ ದಿನದಿಂದಲೇ ಜೋಪಾನವಾಗಿಡಿ.

ಇನ್ನೊಂದು ಎಚ್ಚರಿಕೆ. ಉಡುಪಿ ಜಿಲ್ಲೆಯ ಸಿದ್ದಾಪುರದ ಕೃಷಿಕ ಕುಟುಂಬದ ಅಶ್ವಿನಿ ಅಕ್ಕುಂಜಿ 2010ರ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದರು. ಮರುವರ್ಷವೇ ಉದ್ದೀಪನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಎರಡು ವರ್ಷದ ನಿಷೇಧಕ್ಕೆ ಒಳಗಾದರು. ತಮಗೆ ಕೊಟ್ಟ ಪೂರಕ ಆಹಾರದಿಂದ ಹೀಗಾಯಿತು ಎಂಬುದು ಅವರ ವಾದವಾಗಿತ್ತು. ಜಮೈಕಾವೂ ಇದಕ್ಕೆ ಹೊರತಲ್ಲ. 2008ರ ರಿಲೇ ಓಟದ ಜೊತೆಗಾರನೊಬ್ಬ ಮರುಪರೀಕ್ಷೆಯಲ್ಲಿ ಸಿಕ್ಕಿಬಿದ್ದುದರಿಂದ 2017ರಲ್ಲಿ ಬೋಲ್ಟ್ ಕೂಡ ಆ ಚಿನ್ನವನ್ನು ಹಿಂತಿರುಗಿಸಬೇಕಾಯಿತು. ಡಬ್ಬಿಯ ಪುಡಿ, ಹೆಸರಿಲ್ಲದ ಮಾತ್ರೆ ಯಾರೇ ಕೊಟ್ಟರೂ ಮಗು ಬಾಯಿಗೆ ಹಾಕಿಕೊಳ್ಳುವ ಮೊದಲು ಅದರಲ್ಲಿ ಏನಿದೆ ಎಂದು ವೈದ್ಯರನ್ನು ಕೇಳಿ ತಿಳಿಯಿರಿ. ಕ್ರೀಡಾ ಹಾಸ್ಟೆಲಿಗೆ ಸೇರಿಸುವಾಗ ಟ್ರ್ಯಾಕ್ ಹೇಗಿದೆ ಎಂದು ಕೇಳುವ ಮೊದಲು ಇಷ್ಟು ಕೇಳಿ: ತರಗತಿಗೆ ಎಷ್ಟು ಹೊತ್ತು? ಕಾಲು ಉಳುಕಿದರೆ, ಮಂಡಿಗೆ ಪೆಟ್ಟಾದರೆ ನೋಡುವವರು ಯಾರು? ಓಟ ನಿಂತರೆ ಓದು ಮುಂದುವರಿಯುತ್ತದೆಯೇ?

ಕೊನೆಯ ಪ್ರಶ್ನೆಯೇ ಮುಖ್ಯವಾದದ್ದು. ವೇಗದ ಓಟದ ಆಯಸ್ಸು ಹೆಚ್ಚೆಂದರೆ ಹತ್ತು ಹದಿನೈದು ವರ್ಷ. ಬದುಕು ಅದಕ್ಕಿಂತ ದೊಡ್ಡದು. ಜಮೈಕಾದ ಮೊತ್ತಮೊದಲ ಒಲಿಂಪಿಕ್ ಚಿನ್ನ ಬಂದದ್ದು 1948ರಲ್ಲಿ, ಲಂಡನ್‌ನಲ್ಲಿ, 400 ಮೀಟರ್ ಓಟದಲ್ಲಿ. ಅದನ್ನು 46.2 ಸೆಕೆಂಡಿನಲ್ಲಿ ಓಡಿ ಗೆದ್ದ ಆರ್ಥರ್ ವಿಂಟ್ ಆಗ ಅದೇ ಲಂಡನ್‌ನಲ್ಲಿ ವೈದ್ಯಕೀಯ ವಿದ್ಯಾರ್ಥಿ. ಓಟ ಮುಗಿದ ಮೇಲೆ ಆತ ಡಾಕ್ಟರಾಗಿ ದ್ವೀಪಕ್ಕೆ ಮರಳಿ ಹಳ್ಳಿಗಾಡಿನ ಜನರಿಗೆ ಔಷಧ ಕೊಟ್ಟ.